ಗಿಡದ ಚಿತ್ರ, ಅದರ ಕೆಳಗಿನ ಹೆಸರು



ಕಳೆದ ತಿಂಗಳ ಸಭೆ ಮುಗಿದು ಚಹಾ ಕುಡಿಯುವಾಗ ದುಧನಿ ಕಡೆಯ ಚಿತ್ರಕಲಾ ಶಿಕ್ಷಕರೊಬ್ಬರು ಕೇಳಿದರು: "ಸಾಹೇಬ್ರ, ಗಿಡಾ-ಹೂವಿನ ಚಿತ್ರ ತಗಿಯೋರ್ದ ಬ್ಯಾರೆ ಸಂಘನ ಇರ್ತಾವಂತಲ್ರಿ. ನಮ್ಮ ಹುಡುಗೂರ ಚಿತ್ರ ಅಲ್ಲಿಗೆ ಕಳಸಾಕ ಬರ್ತೈತೇನ್ರಿ?" ವಿಚಾರಿಸಿ ಬರೆಯುತ್ತೇನೆ ಎಂದು ಮಾತು ಕೊಟ್ಟಿದ್ದೆ. ಒಂದು ಪುಟದಲ್ಲಿ ಮುಗಿಸಬೇಕೆಂದು ಕುಳಿತದ್ದು ಉದ್ದವಾಗಿದೆ. ಅವಕಾಶಗಳ ಮಾಹಿತಿ ಮಾತ್ರ ಬೇಕಾದವರು ಕೊನೆಯ ಭಾಗಕ್ಕೆ ಹೋಗಬಹುದು, ಬೇಸರವಿಲ್ಲ.

ಮೊದಲು ನಮ್ಮಲ್ಲೇ ನಡೆದ ಒಂದು ಸಂಗತಿ. ಗಣೇಶ ಹಬ್ಬದ ನಂತರ ಕರಜಗಿಯಲ್ಲಿ ಮಕ್ಕಳ ಚಿತ್ರ ಸ್ಪರ್ಧೆ ಇಟ್ಟಿದ್ದೆವು. ವಿಷಯ "ನಮ್ಮ ಹೊಲ". ಬಂದ ಚಿತ್ರಗಳಲ್ಲಿ ಬಹುಪಾಲು ಎರಡು ಗುಡ್ಡ, ನಡುವೆ ಸೂರ್ಯ, ಒಂದು ಹೊಳೆ, ಒಂದು ತೆಂಗಿನ ಮರ. ನಮ್ಮ ಎರೆ ಹೊಲದ ಬಯಲಿನಲ್ಲಿ ನಿಂತರೆ ಯಾವ ದಿಕ್ಕಿಗೂ ಗುಡ್ಡ ಕಾಣುವುದಿಲ್ಲ, ಆದರೂ ಮಕ್ಕಳ ಹೊಲದಲ್ಲಿ ಗುಡ್ಡ ಇದ್ದೇ ಇರುತ್ತದೆ. ಎಂಟನೆಯ ಇಯತ್ತೆಯ ಒಬ್ಬ ಹುಡುಗಿ ಮಾತ್ರ ಇಡೀ ಹಾಳೆಗೆ ಒಂದೇ ಗಿಡ ಬರೆದಿದ್ದಳು. ನೆಲಕ್ಕೆ ಅಂಟಿ ಸುತ್ತಲೂ ಹರಡಿದ ಎಲೆಗಳು, ಎಲೆಯ ಅಂಚಿನುದ್ದಕ್ಕೂ ಸಣ್ಣ ಹಲ್ಲು, ನಡುವಿನಿಂದ ಎದ್ದ ತೆಳುವಾದ ದಂಟು, ಅದರ ತುದಿಗೆ ಹಳದಿ ಹೂವು, ಪಕ್ಕದಲ್ಲೇ ಬಲಿತು ಬಿಳಿ ಅರಳೆಯಂತಾದ ಇನ್ನೊಂದು. ಕೆಳಗೆ ದೇವನಾಗರಿಯಲ್ಲಿ "ಪಾಥರಿ" ಎಂದು ಬರೆದಿದ್ದಳು.

ನಾವು ಮೂವರು ಪರೀಕ್ಷಕರು. ಮೂವರೂ ಒಕ್ಕಲುತನದ ಮನೆಯವರು. ಒಬ್ಬರಿಗೂ ಗಿಡದ ಗುರುತು ಸಿಗಲಿಲ್ಲ. ಬಹುಮಾನವನ್ನು ಗುಡ್ಡ-ಸೂರ್ಯನಿಗೇ ಕೊಟ್ಟೆವು. ಆಮೇಲೆ ಮನಸ್ಸಿಗೆ ಸಮಾಧಾನವಾಗದೆ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ ಅಕ್ಕಲಕೋಟ ಸಂತೆಯಲ್ಲಿ ಪಲ್ಯ ಮಾರುವ ಅಜ್ಜಿಯೊಬ್ಬಳಿಗೆ ತೋರಿಸಿದೆ. ಆಕೆ ನೋಡಿದ್ದೇ ತಡ, "ಹತ್ತರಕಿ ಅಲ್ಲೇನೋ ಯಪ್ಪಾ ಇದು! ಹೂವಾಗಿ ಬಲ್ತೈತಿ. ಇಷ್ಟ ವರ್ಷ ರೊಟ್ಟಿ ಜೋಡಿ ತಿಂದೀದಿ, ಗುರ್ತಾ ಸಿಗಲಿಲ್ಲೇನ?" ಅಂದಳು.

ತಿಂದದ್ದು ನಿಜ. ಹಸಿ ಹತ್ತರಕಿ, ಉಳ್ಳಾಗಡ್ಡಿ, ಶೇಂಗಾ ಹಿಂಡಿ, ಬಿಸಿ ರೊಟ್ಟಿ, ಅರವತ್ತು ವರ್ಷದಿಂದ ತಿನ್ನುತ್ತಿದ್ದೇನೆ. ಆದರೆ ನಾವು ಅದನ್ನು ಎಳೆಯದಿರುವಾಗ ಕಿತ್ತು ಸಿವುಡು ಕಟ್ಟಿ ತರುತ್ತೇವೆ. ಹೂವು ಬಿಟ್ಟ ಮೇಲೆ ಕಹಿಯಾಗುತ್ತದೆ, ಆಮೇಲೆ ಅದರ ಕಡೆ ಯಾರೂ ನೋಡುವುದಿಲ್ಲ. ನನಗೆ ಗೊತ್ತಿದ್ದದ್ದು ಪಲ್ಯ, ಗಿಡವಲ್ಲ. ಹುಡುಗಿ ಗಿಡವನ್ನು ನೋಡಿದ್ದಳು. ಆಕೆಗೆ ಹೆಸರು ಮಾತ್ರ ಮನೆಯ ಮಾತಿನಲ್ಲಿ ಸಿಕ್ಕಿರಲಿಲ್ಲ. ನನಗೆ ಹೆಸರು ಗೊತ್ತಿತ್ತು, ಮುಖ ಗೊತ್ತಿರಲಿಲ್ಲ.

ಸಸ್ಯಚಿತ್ರ ಅನ್ನುವುದು ಇದೇ ಕೆಲಸ. ಹೂದಾನಿಯಲ್ಲಿಟ್ಟ ಗುಲಾಬಿಯನ್ನು ಚೆಂದ ಕಾಣುವಂತೆ ಬರೆಯುವುದು ಬೇರೆ ಕಲೆ. ಅದಕ್ಕೂ ಮರ್ಯಾದೆ ಇದೆ, ಆದರೆ ಸಸ್ಯಚಿತ್ರಕ್ಕೆ ನಿಯಮ ಬಿಗಿ. ಚಿತ್ರ ನೋಡಿದ ಬೇರೆ ಊರಿನವರು ಹೊಲಕ್ಕೆ ಹೋಗಿ ಅದೇ ಗಿಡವನ್ನು ಗುರುತಿಸುವಂತಿರಬೇಕು. ಎಲೆ ಎದುರುಬದುರಾಗಿವೆಯೋ ಒಂದಾದ ಮೇಲೊಂದು ಬಂದಿವೆಯೋ, ಮುಳ್ಳು ಎಲೆಯ ಬುಡದಲ್ಲಿ ಜೋಡಿಯಾಗಿವೆಯೋ ಕೊಂಬೆಯ ತುಂಬ ಚದುರಿವೆಯೋ, ಹೂವಿಗೆ ಎಷ್ಟು ಎಸಳು, ಕಾಯಿ ಹೇಗೆ ಒಡೆಯುತ್ತದೆ, ಎಲ್ಲ ಎಣಿಸಿ, ಅಳೆದು ಬರೆಯಬೇಕು. ಊಹೆಗೆ ಅವಕಾಶವಿಲ್ಲ. ನಮ್ಮ ಕಾರಕೂನಿಕೆ ಇದ್ದಂತೆ: ಕಾಗದದಲ್ಲಿ ಇದ್ದದ್ದನ್ನು ರಿಜಿಸ್ಟರಿಗೆ ಎತ್ತಬೇಕು, ನಮ್ಮ ಸ್ವಂತದ್ದು ಸೇರಿಸಬಾರದು.

ಮೊಬೈಲ್ ಇರುವಾಗ ಇದೆಲ್ಲ ಯಾಕೆ ಎಂದು ನನ್ನ ಮಗನೇ ಕೇಳಿದ. ಫೋಟೋ ಒಂದು ಕ್ಷಣದ್ದು. ಹತ್ತರಕಿಯ ಎಳೆ ಎಲೆ ಒಂದು ವಾರ, ಹೂವು ಇನ್ನೊಂದು ವಾರ, ಬೀಜದ ಅರಳೆ ಮತ್ತೊಂದು ವಾರ. ಚಿತ್ರಕಾರನು ಮೂರು ಸಲ ಹೊಲಕ್ಕೆ ಹೋಗಿ ಮೂರನ್ನೂ ಒಂದೇ ಹಾಳೆಯ ಮೇಲೆ ತರುತ್ತಾನೆ. ಹೂವನ್ನು ಉದ್ದಕ್ಕೆ ಸೀಳಿ ಒಳಗಿನದನ್ನು ದೊಡ್ಡದಾಗಿ ಪಕ್ಕದಲ್ಲಿ ಬರೆಯುತ್ತಾನೆ. ಹುಳ ತಿಂದ ಎಲೆ, ಹಿಂದಿನ ಕಸ, ನೆರಳು ಇವೆಲ್ಲ ಬಿಟ್ಟುಹೋಗುತ್ತವೆ. ಗಿಡವನ್ನು ಪೇಪರಿನಲ್ಲಿ ಒತ್ತಿ ಒಣಗಿಸಿ ಇಟ್ಟರೆ ಆಕಾರ ಉಳಿಯುತ್ತದೆ, ಬಣ್ಣ ಹೋಗುತ್ತದೆ. ಅದಕ್ಕಾಗಿಯೇ ಸಸ್ಯಶಾಸ್ತ್ರದವರು ಇವತ್ತಿಗೂ ಚಿತ್ರಕಾರರನ್ನು ಬಿಟ್ಟಿಲ್ಲ.

ಈ ಕೆಲಸಕ್ಕೂ ನಮ್ಮ ನಾಡಿಗೂ ಹಳೆಯ ನಂಟಿದೆ. ಅದರಲ್ಲಿ ಒಂದು ಕಥೆ ಗಡಿಯವರಾದ ನಮಗೆ ಹತ್ತಿರದ್ದು. ಹ್ಯೂ ಕ್ಲೆಗಾರ್ನ್ ಎಂಬ ಸ್ಕಾಟ್ಲೆಂಡಿನ ವೈದ್ಯ 1845ರ ಸುಮಾರಿಗೆ ಶಿವಮೊಗ್ಗೆಯಲ್ಲಿ ಕೆಲಸಕ್ಕಿದ್ದ. ದಿನಕ್ಕೊಂದು ಗಿಡ ಅಭ್ಯಾಸ ಮಾಡಬೇಕೆಂದು ನೇಮ ಹಾಕಿಕೊಂಡು, ಅದನ್ನು ಬರೆಯಲು ಒಬ್ಬ ಚಿತ್ರಕಾರನನ್ನು ಇಟ್ಟುಕೊಂಡ. ಆ ಚಿತ್ರಕಾರ ಮರಾಠಿಯವನು! ಕನ್ನಡ ನಾಡಿನ ಗಿಡಗಳು ಮರಾಠಿ ಮನುಷ್ಯನ ಕೈಯಿಂದ ಕಾಗದಕ್ಕೆ ಇಳಿದವು. ಮುಂದೆ ಕ್ಲೆಗಾರ್ನ್ 1856ರಲ್ಲಿ ಮದ್ರಾಸ್ ಪ್ರಾಂತದ ಅರಣ್ಯ ಸಂರಕ್ಷಣಾಧಿಕಾರಿಯಾದ. ಆ ಚಿತ್ರಗಳು ಇವತ್ತು ಎಡಿನ್‌ಬರೋ ನಗರದ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿ ಜೋಪಾನವಾಗಿವೆ. ಅಲ್ಲಿಯ ವಿದ್ವಾಂಸ ಹೆನ್ರಿ ನೋಲ್ಟಿ ಅವರು 2016ರಲ್ಲಿ ಅವುಗಳ ಮೇಲೆ ಪುಸ್ತಕ ತಂದರು. ಬರೆಸಿದವನ ಜೀವನಚರಿತ್ರೆಯೇ ಸಿಗುತ್ತದೆ. ಬರೆದವನ ಹೆಸರು ಮಾತ್ರ ಸಿಗುವುದಿಲ್ಲ. "ಮರಾಠಿ ಚಿತ್ರಕಾರ" ಅಷ್ಟೇ.

ಪುಣೆಗೆ ಹೋಗುವಾಗ ದಾಪೋಡಿ ನಿಲ್ದಾಣ ಅನೇಕರು ನೋಡಿರಬಹುದು. ಅಲ್ಲಿ ಹಿಂದೆ ಸರಕಾರದ ಸಸ್ಯೋದ್ಯಾನವಿತ್ತು. ಅಲೆಕ್ಸಾಂಡರ್ ಗಿಬ್ಸನ್ ಅದರ ಮೇಲ್ವಿಚಾರಕ. 1847ರಿಂದ 1850ರವರೆಗೆ ಅಲ್ಲಿ ಬರೆಸಿದ ಚಿತ್ರಗಳೂ ಎಡಿನ್‌ಬರೋ ಸೇರಿವೆ. ಅಲ್ಲಿಯೂ ಅದೇ ಕಥೆ. ಚಿತ್ರಕಾರ ಪೋರ್ಚುಗೀಸ್ ಮೂಲದ ಭಾರತೀಯ ಎಂದು ಗೊತ್ತು, ಹೆಸರು ಗೊತ್ತಿಲ್ಲ.

ಹೆಸರು ಉಳಿದವರೂ ಇದ್ದಾರೆ. ಮದ್ರಾಸ್ ಪ್ರಾಂತದಲ್ಲಿ ರಾಬರ್ಟ್ ವೈಟ್ ಎಂಬ ಸಸ್ಯಶಾಸ್ತ್ರಜ್ಞನಿಗೆ ರಂಗಯ್ಯ ಮತ್ತು ಗೋವಿಂದು ಎಂಬಿಬ್ಬರು ಬರೆದುಕೊಟ್ಟರು. ವೈಟ್ ಅವರ ಹೆಸರನ್ನು ಅಚ್ಚಿನಲ್ಲಿ ತಂದ. ಒಂದು ಸೀತಾಳೆ ಗಿಡದ ಕುಲಕ್ಕೆ "ಗೋವಿಂದೂಯ" ಎಂದೇ ಹೆಸರಿಟ್ಟ. ಗೋವಿಂದು ಮುಂದೆ ಕ್ಲೆಗಾರ್ನ್‌ಗೂ ಕೆಲಸ ಮಾಡಿದ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೆಂಗಳೂರು ಲಾಲ್‌ಬಾಗಿಗೆ ಜಾನ್ ಕ್ಯಾಮೆರಾನ್ ಮುಖ್ಯಸ್ಥನಾಗಿದ್ದಾಗ ಅಲ್ಲಿ ಚೆಲುವಯ್ಯ ರಾಜು ಎಂಬ ಚಿತ್ರಕಾರರು ತೋಟದ ಗಿಡಗಳನ್ನು ಬರೆಯುತ್ತಿದ್ದರು. ಗಾಜಿನ ಮನೆ ನೋಡಿ ಬರುವ ನಮ್ಮವರಲ್ಲಿ ಎಷ್ಟು ಜನಕ್ಕೆ ಅವರ ಹೆಸರು ಗೊತ್ತು?

ಕಾಸರಗೋಡಿನ ಸದಸ್ಯರಿಗೆ ಹೇಳಬೇಕಾದದ್ದು ಇನ್ನೂ ಹಳೆಯದು. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಮಾಡಿಸಿದ "ಹೊರ್ತುಸ್ ಮಲಬಾರಿಕುಸ್" 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯರೂ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವಿದ್ವಾಂಸರೂ ಮಾಹಿತಿ ಕೊಟ್ಟರು. ಅದರ ವಿಶೇಷವೆಂದರೆ ಚಿತ್ರದ ಫಲಕದ ಮೇಲೆಯೇ ಗಿಡದ ಊರ ಹೆಸರು ಮಲಯಾಳಂ ಲಿಪಿಯಲ್ಲಿ, ನಾಗರಿಯಲ್ಲಿ ಕೊರೆದದ್ದು. ಮುನ್ನೂರು ವರ್ಷ ಕಳೆದರೂ ಆ ಹೆಸರುಗಳನ್ನು ಯಾರೂ ಅಳಿಸಲಾಗಿಲ್ಲ. ಮುಂದೆ ಲಿನೀಯಸ್ ಪಂಡಿತ ಗಿಡಗಳಿಗೆ ಲ್ಯಾಟಿನ್ ಹೆಸರು ಕೊಡುವಾಗ ಎಷ್ಟೋ ಕಡೆ ಈ ಚಿತ್ರಗಳನ್ನೇ ಆಧಾರ ಮಾಡಿಕೊಂಡ.

ಕನ್ನಡದಲ್ಲಿ ಬಿ.ಜಿ.ಎಲ್. ಸ್ವಾಮಿ ಅವರನ್ನು ಬಿಟ್ಟು ಈ ಮಾತು ಮುಗಿಯದು. ಅವರೂ ಹೊರನಾಡ ಕನ್ನಡಿಗರೇ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರು. ವಿದ್ಯಾರ್ಥಿಗಳ ಜೊತೆ ಕಾಡು ಸುತ್ತಿದ್ದನ್ನು ಹೇಳುವ "ಹಸುರು ಹೊನ್ನು" ಪುಸ್ತಕಕ್ಕೆ 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರೊಳಗಿನ ಗಿಡಗಳ ಚಿತ್ರ ಅವರದೇ ಕೈಯವು. ನಮ್ಮ ವಾಚನಾಲಯದ ಪ್ರತಿಯನ್ನು ಯಾರೋ ಒಯ್ದು ಎರಡು ವರ್ಷವಾಯಿತು. ಓದಿ ಮುಗಿದಿದ್ದರೆ ದಯವಿಟ್ಟು ತಂದುಕೊಡಿ.

ಈಗ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ಸಂಘದ ಕೋಣೆ ಬದಲಾಯಿಸುವಾಗ ಹಳೆಯ ಗಂಟೊಂದು ಸಿಕ್ಕಿತು. ಯಾವುದೋ ಪ್ರದರ್ಶನಕ್ಕೆ ಬಂದ ಮಕ್ಕಳ ಚಿತ್ರಗಳು. ಅದರಲ್ಲಿ ಕುಸುಬೆ, ಎಕ್ಕೆ, ಉತ್ತರಾಣಿ ಬರೆದ ಕೆಲವು ಹಾಳೆ ಇದ್ದದ್ದು ನನ್ನ ಕಣ್ಣಿಗೆ ಈಗಲೂ ಕಟ್ಟಿದೆ. ತಿರುಗಿಸಿ ನೋಡಿದರೆ ಹೆಸರಿಲ್ಲ, ಊರಿಲ್ಲ, ತಾರೀಖಿಲ್ಲ. ಮೂವತ್ತು ವರ್ಷದ ಕಚೇರಿ ಅಭ್ಯಾಸ: ಸಹಿ ಇಲ್ಲದ ಕಾಗದ ಕಾಗದವೇ ಅಲ್ಲ. ರದ್ದಿಗೆ ಹಾಕಿಬಿಟ್ಟೆ. ಈ ಹತ್ತರಕಿಯ ಹುಡುಗಿಯ ಹಾಳೆಯ ಹಿಂದೆಯೂ ಶಾಳೆಯ ಹೆಸರು ಮಾತ್ರ ಇತ್ತು. ಆಕೆಯನ್ನು ಹುಡುಕಲು ಎರಡು ವಾರ ಹಿಡಿಯಿತು. ಸಿಕ್ಕ ಮೇಲೆ ಮೊದಲು ಮಾಡಿಸಿದ ಕೆಲಸವೆಂದರೆ ಸಹಿ. ಪಾಥರಿಯ ಪಕ್ಕದಲ್ಲಿ ಹತ್ತರಕಿ ಎಂದೂ ಬರೆಸಿದೆ. ಪಾಥರಿ ಅಳಿಸಬೇಡ ಅಂದೆ. ಅದೂ ಗಿಡದ ಹೆಸರೇ, ಪಕ್ಕದ ಮನೆಯವರು ಕರೆಯುವ ಹೆಸರು.

ಎರಡೂ ಹೆಸರು ಯಾಕೆ ಬೇಕೆಂಬುದಕ್ಕೆ ಮೊನ್ನೆಯ ದಸರೆಯೇ ಸಾಕ್ಷಿ. ನಾವು "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅನ್ನುತ್ತೇವೆ. ಮರಾಠಿ ನೆರೆಯವರು ಸೋನ ಎಂದು ಆಪಟೆಯ ಎಲೆ ಕೊಡುತ್ತಾರೆ. ನಮ್ಮ ಎಷ್ಟೋ ಮನೆಗಳಲ್ಲಿ ಆ ಆಪಟೆ ಎಲೆಯನ್ನೇ ಕೈಗಿತ್ತು ಬನ್ನಿ ಎನ್ನುತ್ತಾರೆ. ಎರಡೂ ಒಂದೇ ಗಿಡವೆಂದು ನಾನೂ ಬಹಳ ಕಾಲ ತಿಳಿದಿದ್ದೆ. ಬರೆದು ನೋಡಿದರೆ ಆಪಟೆಯ ಎಲೆ ನಡುವೆ ಸೀಳಿ ಎರಡು ಹೋಳಾದಂತಿರುತ್ತದೆ, ಎತ್ತಿನ ಗೊರಸಿನ ಅಚ್ಚಿನಂತೆ. ಬನ್ನಿಯದು ಕಡ್ಡಿಯ ಎರಡೂ ಬದಿಗೆ ಸಾಲಾಗಿ ಬಂದ ಸಣ್ಣ ಸಣ್ಣ ಎಲೆ. ಇನ್ನು ಹೊಸ ಹುಡುಗರು ಬಳ್ಳಾರಿ ಜಾಲಿಯನ್ನೇ ಬನ್ನಿ ಅನ್ನುತ್ತಾರೆ, ಯಾಕೆಂದರೆ ಎಲೆ ಮೇಲುನೋಟಕ್ಕೆ ಹೋಲುತ್ತದೆ. ಬನ್ನಿಯ ಮುಳ್ಳು ಕೊಂಬೆಯುದ್ದಕ್ಕೂ ಚದುರಿ ಇರುತ್ತವೆ, ಕಾಯಿ ತೆಳ್ಳಗೆ ಉದ್ದಕ್ಕೆ ಜೋತಾಡುತ್ತದೆ. ಬಳ್ಳಾರಿ ಜಾಲಿಯ ಮುಳ್ಳು ಎಲೆಯ ಬುಡದಲ್ಲಿ, ಕಾಯಿ ದಪ್ಪ, ಹಳದಿ. ನಮ್ಮ ಹಳೆಯ ಕರಿಜಾಲಿಗೆ ಬಿಳಿಯ ನೆಟ್ಟನೆ ಜೋಡಿ ಮುಳ್ಳು, ಹಳದಿ ಗುಂಡು ಹೂವು, ಮಣಿಸರದಂಥ ಕಾಯಿ. ಈ ನಾಲ್ಕನ್ನು ನಾಲ್ಕು ಹಾಳೆಯಲ್ಲಿ ಬರೆದು ಶಾಳೆಯ ಗೋಡೆಗೆ ಅಂಟಿಸಿದರೆ, ಬನ್ನಿ ಎಂದು ಬಳ್ಳಾರಿ ಜಾಲಿಗೆ ಕುಂಕುಮ ಹಚ್ಚುವುದಾದರೂ ತಪ್ಪೀತು.

ಇನ್ನು ಅವಕಾಶಗಳು.

ಶಾಳೆಯ ಮಕ್ಕಳಿಗೆ ಎಲ್ಲಕ್ಕಿಂತ ಹತ್ತಿರದ್ದು ಮಹಾರಾಷ್ಟ್ರ ಕಲಾ ಸಂಚಾಲನಾಲಯದ ಎಲಿಮೆಂಟರಿ ಮತ್ತು ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆಗಳು. ಕನ್ನಡ ಮಾಧ್ಯಮದ ಶಾಳೆಗಳ ಮಕ್ಕಳೂ ಬರೆಯಬಹುದು. ಇಂಟರ್‌ಮೀಡಿಯೆಟ್ ಪಾಸಾದರೆ ಹತ್ತನೆಯ ಇಯತ್ತೆಯಲ್ಲಿ ಹೆಚ್ಚುವರಿ ಅಂಕ ಸಿಗುತ್ತವೆ. ಗಿಡ ನೋಡಿ ಬರೆದು ಕೈ ಪಳಗಿದವರಿಗೆ ಇಲ್ಲಿ ಬಹಳ ಸುಲಭ. ಪಾಲಕರು ತಮ್ಮ ಶಾಳೆಯಲ್ಲಿ ವಿಚಾರಿಸಿರಿ. ಅರ್ಜಿಯ ತಾರೀಖು ದಾಟಿದ ಮೇಲೆ ನನಗೆ ಫೋನ್ ಮಾಡಿ ಪ್ರಯೋಜನವಿಲ್ಲ.

ಹಣ ಖರ್ಚಿಲ್ಲದೆ ಮನೆಯಲ್ಲೇ ಕಲಿಯುವವರಿಗೆ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಎಂಬ ಅಂತರ್ಜಾಲ ಗ್ರಂಥಾಲಯವಿದೆ. ರಾಕ್ಸ್‌ಬರ್ಗ್, ವೈಟ್ ಮೊದಲಾದವರ ಹಳೆಯ ಪುಸ್ತಕಗಳ ಪುಟಗಳನ್ನು ಮೊಬೈಲಿನಲ್ಲೇ ಉಚಿತವಾಗಿ ನೋಡಬಹುದು, ಇಳಿಸಿಕೊಳ್ಳಬಹುದು. ರಂಗಯ್ಯ, ಗೋವಿಂದು ಎಲೆಯ ನರಗಳನ್ನು ಎಳೆದ ರೀತಿಯನ್ನು ದೊಡ್ಡದು ಮಾಡಿ ನೋಡಿರಿ. ಒಂದು ತರಗತಿಗೆ ಸಮ.

ಚಿತ್ರಕಾರರ ಸಂಘಗಳ ಬಗ್ಗೆ ಕೇಳಿದ ಪ್ರಶ್ನೆಗೆ ಉತ್ತರ: ಅಮೆರಿಕದ ಸಸ್ಯಚಿತ್ರಕಾರರ ಸೊಸೈಟಿ 1994ರಲ್ಲಿ ಆರಂಭವಾದದ್ದು, ಹೊರದೇಶದವರನ್ನೂ ಸದಸ್ಯರನ್ನಾಗಿ ತೆಗೆದುಕೊಳ್ಳುತ್ತದೆ. ಚಂದಾ ಡಾಲರಿನಲ್ಲಿ, ನಮ್ಮ ಮಕ್ಕಳಿಗೆ ಭಾರ. ಆಸ್ಟ್ರೇಲಿಯದ ಸಿಡ್ನಿ ಸಸ್ಯೋದ್ಯಾನದವರು ಮಾರ್ಗರೆಟ್ ಫ್ಲಾಕ್ಟನ್ ಹೆಸರಿನಲ್ಲಿ ವೈಜ್ಞಾನಿಕ ಸಸ್ಯಚಿತ್ರಕ್ಕೆ ಪ್ರಶಸ್ತಿ ಕೊಡುತ್ತಾರೆ. ಯಾವ ದೇಶದವರೂ ಕಳಿಸಬಹುದು. ಅದು ಪಳಗಿದ ಕೈಗಳಿಗೆ, ಆದರೆ ಚಿತ್ರಕಲಾ ಶಿಕ್ಷಕರು ಯೋಚಿಸಬೇಕಾದದ್ದು. ನಮ್ಮವರಿಗೆ ಆಗದ ಕೆಲಸವೇನಲ್ಲ. ಬೆಂಗಳೂರಿನ ನಿರುಪಾ ರಾವ್ ಅವರು ಪಶ್ಚಿಮ ಘಟ್ಟದ ಮರಗಿಡಗಳನ್ನು ಬರೆದು ಪುಸ್ತಕ ತಂದಿದ್ದಾರೆ, ನ್ಯಾಷನಲ್ ಜಿಯೋಗ್ರಾಫಿಕ್‌ನ ಮನ್ನಣೆ ಪಡೆದಿದ್ದಾರೆ. ಘಟ್ಟದ ಕಾಡಿಗೆ ಚಿತ್ರಕಾರರು ಸಿಕ್ಕಿದ್ದಾರೆ. ನಮ್ಮ ಬಯಲಿನ ಹುಲ್ಲಿಗೆ, ಕಳೆಗೆ ಇನ್ನೂ ಸಿಗಬೇಕು.

ಮಕ್ಕಳು ಲಂಡನ್ನಿನಲ್ಲಿದ್ದು ನೋಡಲು ಹೋಗುವ ಸದಸ್ಯರು ಕ್ಯೂ ಉದ್ಯಾನದೊಳಗೆ 2008ರಲ್ಲಿ ತೆರೆದ ಶೆರ್ಲಿ ಶೆರ್‌ವುಡ್ ಗ್ಯಾಲರಿ ನೋಡಿಬನ್ನಿ. ಅದು ಸಸ್ಯಚಿತ್ರಗಳಿಗೆಂದೇ ಕಟ್ಟಿದ್ದು. ಪಕ್ಕದಲ್ಲಿಯೇ ಮೇರಿಯಾನ್ ನಾರ್ತ್ ಎಂಬಾಕೆಯ ಗ್ಯಾಲರಿ, 1882ರದ್ದು. ಆಕೆ ಒಬ್ಬಳೇ ದೇಶ ಸುತ್ತಿ, ನಮ್ಮ ದೇಶಕ್ಕೂ ಬಂದು ಬರೆದ ಚಿತ್ರಗಳು ಗೋಡೆ ಕಾಣದಂತೆ ತುಂಬಿವೆ.

ಇನ್ನೊಂದು ಸುದ್ದಿ ನನಗೆ ಬಹಳ ಹಿಡಿಸಿದ್ದು. ಬೇರೆ ಬೇರೆ ದೇಶಗಳ ಸಸ್ಯಚಿತ್ರಕಾರರು ಸೇರಿ 2018ರ ಮೇ 18ರಂದು ಒಂದೇ ದಿನ ಜಗತ್ತಿನಾದ್ಯಂತ ತಮ್ಮ ತಮ್ಮ ನಾಡಿನ ಗಿಡಗಳ ದಿನ ಆಚರಿಸಿದರು. 2025ರ ಮೇ 18ರಂದು ಮತ್ತೆ ನಡೆಯಿತು. ಆ ಸಲದ ವಿಷಯ ಬೆಳೆಗಳು, ರೈತರು ಉಳಿಸಿಕೊಂಡು ಬಂದ ನಾಟಿ ತಳಿಗಳು. ಅದನ್ನು ಓದಿದಾಗ ನನಗೆ ನಮ್ಮ ಜೋಳ ನೆನಪಾಯಿತು. ಮಾಲದಂಡಿ ನಮ್ಮ ಜಿಲ್ಲೆಯದು. ಅದರಿಂದ ಆಯ್ದ ಎಂ 35-1 ತಳಿ ಮೋಹೋಳದ ಕೇಂದ್ರದಲ್ಲಿ ಹುಟ್ಟಿದ್ದು. ಮಂಗಳವೇಢೆಯ ಜೋಳಕ್ಕೆ ಜಿಐ ಮಾನ್ಯತೆ ಇದೆ. ಸೀತನಿಗೆ ಬೆಳೆಯುವ ಗುಳಭೇಂಡಿ ಇದೆ, ದಗಡಿ ಇದೆ. ತೆನೆಯ ಒತ್ತು, ಕಾಳಿನ ಹೊಳಪು, ಕಾಳನ್ನು ಹಿಡಿದ ಹೊಟ್ಟಿನ ಬಣ್ಣ ಒಂದೊಂದರದ್ದೂ ಬೇರೆ. ಹೊಲದಲ್ಲಿ ನಿಂತು ಇವನ್ನು ಬೇರೆ ಮಾಡಿ ಹೇಳುವ ಹಿರಿಯರು ಪ್ರತಿ ಊರಿನಲ್ಲಿ ಇಬ್ಬರೋ ಮೂವರೋ ಉಳಿದಿದ್ದಾರೆ.

ಆದ್ದರಿಂದ ಕಾರ್ಯಕಾರಿ ಸಮಿತಿಯ ಒಪ್ಪಿಗೆ ಪಡೆದು ತಿಳಿಸುತ್ತಿರುವುದೇನೆಂದರೆ, ಎಳ್ಳ ಅಮಾವಾಸ್ಯೆ ಮುಗಿದ ಮೊದಲ ಭಾನುವಾರ ಬೆಳಿಗ್ಗೆ ಎಂಟಕ್ಕೆ ಕರಜಗಿಯಲ್ಲಿ ಸೇರುವುದು. ಚರಗ ಚೆಲ್ಲಿ ಬಂದ ಹೊಲಕ್ಕೇ ಮತ್ತೊಮ್ಮೆ ಹೋಗಿ, ಈ ಸಲ ಕುಳಿತು ಬರೆಯುವುದು. ಜೋಳ ತೆನೆ ಬಿಡುವ ಹೊತ್ತು, ಕುಸುಬೆ, ಕಡಲೆ ಎಲ್ಲ ನಿಂತಿರುತ್ತವೆ. ಬದುವಿನ ಮೇಲಿನ ಕಳೆಗೂ ಸ್ವಾಗತ. ಹತ್ತರಕಿ ಹೂವು ಬಿಸಿಲೇರಿದಂತೆ ಮುಚ್ಚಿಕೊಳ್ಳುತ್ತದೆ, ತಡವಾಗಿ ಬರಬೇಡಿ.

ತರಬೇಕಾದದ್ದು: ನುಣುಪಾದ ದಪ್ಪ ಡ್ರಾಯಿಂಗ್ ಹಾಳೆ, ಎಚ್‌ಬಿ ಮತ್ತು ೨ಎಚ್ ಪೆನ್ಸಿಲ್, ರಬ್ಬರ್, ಪಟ್ಟಿ, ಕಂಪಾಸ್ ಪೆಟ್ಟಿಗೆಯ ಡಿವೈಡರ್ (ಎಲೆಯ ಅಳತೆ ಹಿಡಿದು ಹಾಗೆಯೇ ಕಾಗದಕ್ಕೆ ಇಳಿಸಲು ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ), ಇದ್ದರೆ ಜಲವರ್ಣ, ಇದ್ದರೆ ಭೂತಗನ್ನಡಿ. ಗಿಡವನ್ನು ಇದ್ದಷ್ಟೇ ಗಾತ್ರಕ್ಕೆ ಬರೆಯಬೇಕು. ಚಿಕ್ಕದೋ ದೊಡ್ಡದೋ ಮಾಡಿದರೆ ಎಷ್ಟು ಪಟ್ಟು ಎಂದು ಪಕ್ಕದಲ್ಲಿ ಗೆರೆ ಎಳೆದು ಕಾಣಿಸಬೇಕು. ಹಿನ್ನೆಲೆ ಬಿಳಿಯಾಗಿಯೇ ಇರಲಿ. ಎಲೆಯ ಹಿಂಬದಿಯನ್ನೂ ಒಂದು ಕಡೆ ತೋರಿಸಿರಿ. ಗುಡ್ಡ, ಸೂರ್ಯ ಬೇಡ.

ದೊಡ್ಡವರಲ್ಲಿ ಒಂದು ವಿನಂತಿ. ಚಿತ್ರ ಬರೆಯಲು ಬಾರದಿದ್ದರೂ ಬನ್ನಿ. ಮನೆಯಲ್ಲಿ ಗಿಡದ ಹೆಸರು ಬಲ್ಲ ಅಜ್ಜ-ಅಜ್ಜಿಯರಿದ್ದರೆ ಗಾಡಿಯ ಮೇಲೆ ಕೂರಿಸಿಕೊಂಡು ಕರೆತನ್ನಿ. ಸಂತೆಯ ಆ ಪಲ್ಯದ ಅಜ್ಜಿಗೂ ಹೇಳಿದ್ದೇನೆ. "ಭಾನುವಾರ ಯಾಪಾರ ಬಿಟ್ಟು ನಾ ಹೆಂಗ ಬರ್ಲೋ" ಅಂದಿದ್ದಾಳೆ, ಆದರೆ ಬರುವುದಿಲ್ಲ ಅಂದಿಲ್ಲ. ಆಕೆಯ ಆ ದಿನದ ಪಲ್ಯವನ್ನು ಸಂಘವೇ ಕೊಳ್ಳುವುದೆಂದು ಖಜಾಂಚಿಯವರ ಬಳಿ ಮಾತಾಡುತ್ತಿದ್ದೇನೆ.

ಪ್ರತಿ ಹಾಳೆಯ ಕೆಳಗೆ ಈ ಐದು ಸಂಗತಿ ಇಲ್ಲದಿದ್ದರೆ ಸ್ವೀಕರಿಸುವುದಿಲ್ಲ: ಗಿಡದ ಕನ್ನಡ ಹೆಸರು, ನಿಮ್ಮ ಊರಲ್ಲಿ ಅನ್ನುವ ಹಾಗೆಯೇ, ಮರಾಠಿ ಹೆಸರು, ಗಿಡ ಸಿಕ್ಕ ಊರು ಮತ್ತು ಹೊಲ, ತಾರೀಖು, ಬರೆದವರ ಪೂರ್ತಿ ಹೆಸರು ಮತ್ತು ಸಹಿ. ಹೆಸರು ಹೇಳಿಕೊಟ್ಟ ಹಿರಿಯರ ಹೆಸರನ್ನೂ ಸೇರಿಸಿದರೆ ಸಂತೋಷ. ಲ್ಯಾಟಿನ್ ಹೆಸರು ಬೇಕೆನ್ನುವವರಿಗಾಗಿ ಚಿತ್ರಗಳ ಪ್ರತಿಯನ್ನು ಕಾಲೇಜಿನ ಸಸ್ಯಶಾಸ್ತ್ರದವರಿಗೆ ತೋರಿಸುವ ಏರ್ಪಾಡು ಮಾಡುತ್ತೇವೆ.

ಬಂದ ಹಾಳೆಗಳಿಗೆ ನಂಬರ್ ಹಾಕಿ ಇಡಲು ಹೊಸ ರಿಜಿಸ್ಟರ್ ತಂದಿದ್ದೇನೆ. ಮೊದಲನೆಯ ನಂಬರಿಗೆ ಹತ್ತರಕಿ ನಮೂದಾಗಿದೆ. ಜತ್ತ, ಇಂಡಿ, ಆಳಂದ, ಅಫಜಲಪುರ ಕಡೆಯಿಂದ ಬರುವವರು ಊಟದ ಲೆಕ್ಕಕ್ಕಾಗಿ ಗುರುವಾರದೊಳಗೆ ತಿಳಿಸಬೇಕು. ರೊಟ್ಟಿ, ಭಜ್ಜಿ ಪಲ್ಯ, ಕಡಬು ಇರುತ್ತವೆ.